10×12 ಖೋಲಿಯೊಳಗ ಕೈ ಬೀಸಿ ಆಡೋ ಗೇಮ್: ಕಿನೆಕ್ಟ್ ತಗೊಳ್ಳೋದಾ, ವೀ ಸಾಕಾ?

ತೊಗರಿಕಣಜ (ಕಲಬುರಗಿ)

ನಮಸ್ಕಾರ್ರಿ. ಸೂಟಿ ಶುರು ಆಗ್ಯಾವ, ಹೊರಗ ಬಿಸಲು 42ರ ಮ್ಯಾಲ. ಹುಡುಗ್ರು ಕುಂತಲ್ಲೇ ಬಟನ್ ಒತ್ತೋ ಬದಲಿ ಮೈ ಅಲುಗಾಡಿಸಿ ಆಡೋ ಹಂಗ ಏನರ ಹಚ್ಚಬೇಕಂತ ಅದ. ಬಜೆಟ್ ₹12,000, ಸೆಕೆಂಡ್ ಹ್ಯಾಂಡ್ ನಡೀತದ. ಹೈದರಾಬಾದಿನಾಗ ಎರಡು ಸೆಟ್ ಸಿಗ್ತಾವ:

ಒಂದು, ಮೈಕ್ರೋಸಾಫ್ಟ್‌ನ ಗೇಮ್ ಡಬ್ಬಿ ಎಕ್ಸ್‌ಬಾಕ್ಸ್ 360, ಹಳೇ ದಪ್ಪನ ಮಾಡೆಲ್, ಜೊತಿಗಿ ಕಿನೆಕ್ಟ್ (ಕೈಯಾಗ ಏನೂ ಹಿಡೀದೇ ಆಡೋ ಹಂಗ ಮೈ ನೋಡೋ ಕ್ಯಾಮೆರಾ ಪಟ್ಟಿ).
ಇನ್ನೊಂದು, ವೀ, ಅಂದ್ರ ರಿಮೋಟ್ ಹಿಡಿದು ಬೀಸಿ ಆಡೋ ನಿಂಟೆಂಡೊ ಡಬ್ಬಿ. ಎರಡು ರಿಮೋಟ್, ಒಂದಕ್ಕ ಮಾತ್ರ ಮೋಷನ್ ಪ್ಲಸ್ (ಕೈ ತಿರುವು ಅಳಿಯೋ ಜೋಡಣಿ) ಅದ. ಅಮೆರಿಕಾದಿಂದ ತಂದ ಸೆಟ್ ಅಂತ.

ಖೋಲಿ 10×12 ಅಡಿ. ಟಿವಿ 10 ಅಡಿ ಗ್ವಾಡಿಗಿ ಅದ, ಎದುರಿಗಿ ಮಂಚ. ನೆಲ ಪಾಲಿಶ್ ಮಾಡಿದ ಶಹಾಬಾದ್ ಫರ್ಸಿ. ಕಿಟಕಿ ಪಡುವಣಕ್ಕ. ಟಿವಿ ಪಕ್ಕದ ಗೂಡಿನಾಗ ದೇವರು. ಆಡೋರು 7ರಿಂದ 15 ವರ್ಷದ ನಾಲ್ಕು ಹುಡುಗ್ರು, ಒಮ್ಮೊಮ್ಮೆ ದೊಡ್ಡವರೂ.

ಇನ್ನೊಂದು ಮಾತು. ದೊಡ್ಡ ಹುಡುಗ ಫೋನಿನಾಗ ಬಿಜಿಎಂಐ (ಗುಂಡು ಹಾರಿಸೋ ಗೇಮ್) ಜೈರೋ ಹಾಕಿ, ಅಂದ್ರ ಫೋನ್ ತಿರುಗಿಸಿ ಗುರಿ ಹಿಡಿಯೋ ಹಂಗ ಇಟ್ಟು ಆಡ್ತಾನ. ಹತ್ತು ನಿಮಿಷ ಆದ್ಮ್ಯಾಲ ಗುರಿ ತಾನಾಗೇ ಒಂದು ಕಡಿ ಜರುಗ್ತದ ಅಂತಾನ. ಇದು ಫೋನಿನ ತಪ್ಪಾ, ಸೆಟ್ಟಿಂಗಾ? ತಿಳಿದವರು ಹೇಳ್ರಿ.

---

ಬಿದರಿ_ಗುಂಡಿ (ಬೀದರ್)

ರೊಕ್ಕ ಕೊಡೋಕಿಂತ ಮೊದ್ಲು ಟೇಪ್ ಹಿಡೀರಿ. ಕಿನೆಕ್ಟ್‌ಗೆ ರೊಕ್ಕಕ್ಕಿಂತ ಜಾಗ ಜಾಸ್ತಿ ಬೇಕು.

ಅದರ ಆಳದ (ದೂರ ಅಳಿಯೋ) ಕ್ಯಾಮೆರಾ ಅಡ್ಡಕ್ಕ 57 ಡಿಗ್ರಿ, ಎತ್ತರಕ್ಕ 43 ಡಿಗ್ರಿ ನೋಡ್ತದ. ಕಂಪನಿ ಹೇಳೋ ಲೆಕ್ಕ ಒಬ್ಬರಿಗಿ 6 ಅಡಿ, ಇಬ್ಬರಿಗಿ 8 ಅಡಿ ದೂರ. ಆದ್ರ 6 ಅಡಿ ದೂರದಾಗ 43 ಡಿಗ್ರಿ ಅಂದ್ರ ಅದಕ್ಕ ಕಾಣೋ ಎತ್ತರ ಸುಮಾರು 4 ಅಡಿ 9 ಇಂಚು ಅಷ್ಟೇ. ದೊಡ್ಡವರು ನಿಂತ್ರ ತಲಿನೋ ಪಾದನೋ ಹೊರಗ ಉಳೀತದ. 8 ಅಡಿಗಿ ಹೋದ್ರ ಎತ್ತರ ಸುಮಾರು 6 ಅಡಿ 4 ಇಂಚು, ಅಗಲ ಎಂಟೂವರಿ ಅಡಿ. ಕೈ ಮ್ಯಾಲೆತ್ತಿ ಆಡೋದಿದ್ರ 9 ಅಡಿ ಬೇಕೇ ಬೇಕು. ನಿಮ್ಮ 12 ಅಡಿಯೊಳಗ ಟಿವಿ ಟೇಬಲ್ ಒಂದೂವರಿ ಅಡಿ ತಿಂತದ, ಉಳಿದದ್ದು ಹತ್ತೂವರಿ. ಮಂಚ ಅಲ್ಲೇ ಇದ್ರ ಆಟ ಮುಗೀತು. ಮಂಚ ತೆಗೆದ್ರ ಒಬ್ಬರು ದೊಡ್ಡವರು ಅಥವಾ ಇಬ್ಬರು ಸಣ್ಣ ಹುಡುಗ್ರು ಆರಾಮಾಗಿ ಆಡಬಹುದು. ನಾಲ್ಕು ಮಂದಿ ಒಮ್ಮೆಗೇ ಅನ್ನೋದು ಬಿಟ್ಟುಬಿಡ್ರಿ. ಅದು ಆರು ಮಂದಿನ್ನ ಗುರುತು ಹಿಡಿದ್ರೂ ಕೈಕಾಲು, ಕೀಲು ಅಂತ ಪೂರ್ತಿ ಲೆಕ್ಕ ಇಡೋದು ಇಬ್ಬರದ್ದೇ.

ಕಿಟಕಿ ಪಡುವಣಕ್ಕ ಅದ ಅಂದ್ರಿ. 360ರ ಕಿನೆಕ್ಟ್ ಕಣ್ಣಿಗಿ ಕಾಣದ ಇನ್‌ಫ್ರಾರೆಡ್ ಚುಕ್ಕಿ ರಂಗೋಲಿ ಖೋಲಿ ತುಂಬ ಹಾಕಿ, ಆ ಚುಕ್ಕಿ ಎಲ್ಲೆಲ್ಲಿ ಜರುಗ್ಯಾವ ಅಂತ ನೋಡಿ ದೂರ ಅಳೀತದ. ಬಿಸಲಿನಾಗೂ ಇನ್‌ಫ್ರಾರೆಡ್ ಭಾಳ ಇರ್ತದ. ಸಂಜಿ ನಾಲ್ಕರ ಬಿಸಲು ಒಳಗ ಬಿದ್ದ ಕಡಿ ರಂಗೋಲಿ ಅಳಿಸಿ ಹೋಗ್ತದ, ಅಲ್ಲಿ ನಿಂತವರು ಅದಕ್ಕ ಕಾಣಂಗಿಲ್ಲ. ತೆಳು ಪರದೆ ಸಾಲಂಗಿಲ್ಲ, ದಪ್ಪಂದು ಬೇಕು. ಅದೂ ಕೂಲರ್ ಗಾಳಿಗಿ ಹಾರಾಡದ ಹಂಗ ಕೆಳಗ ಒಂದು ಕೋಲು ತೂಗು ಹಾಕ್ರಿ, ಹಾರಾಡೋ ಪರದೆನ್ನೇ ಮನುಷ್ಯಾ ಅಂತ ಹಿಡಿಯೋದೂ ಉಂಟು. ಹಳೇ ಪೀತ ಬಲ್ಬ್ ಇದ್ರ ತೆಗೆದು ಎಲ್‌ಇಡಿ ಹಾಕ್ರಿ.

ಫರ್ಸಿ ಮತ್ತೊಂದು ತೊಂದ್ರಿ. ಮೊದಲೇ ಪಾದ ನೆಲಕ್ಕ ಹತ್ತಿ ಇರ್ತದ, ಪಾದ ಎಲ್ಲಿ ಮುಗೀತು ನೆಲ ಎಲ್ಲಿ ಶುರು ಅಂತ ಬೇರೆ ಮಾಡೋದು ಕಷ್ಟ. ಮಿರಮಿರ ಮಿಂಚೋ ಕರೀ ಫರ್ಸಿ ಇದ್ರಂತೂ ಚುಕ್ಕಿ ಪ್ರತಿಬಿಂಬ ಆಗಿ ಟಿವಿ ಮ್ಯಾಲಿನ ಗೊಂಬಿ ಕಾಲು ನಡುಗ್ತಾ ಇರ್ತದ. ಮ್ಯಾಲ ಜಮಖಾನ ಹಾಸ್ರಿ, ಆದ್ರ ಅದು ಫರ್ಸಿ ಮ್ಯಾಲ ಜಾರಬಾರದು. ಕೆಳಗ ರಬ್ಬರ್ ಮ್ಯಾಟ್ ಬೇಕು, ಇಲ್ಲಾಂದ್ರ ಒಂದು ಹಾರಿಗಿ ಹುಡುಗನ ಮೂತಿ ಟೇಬಲ್ಲಿಗಿ.

ಲುಂಗಿ, ಸೀರಿ, ನೈಟಿ ಉಟ್ಟವರ ಎರಡು ಕಾಲು ಅದಕ್ಕ ಒಂದೇ ಕಂಬ. ಪೈಜಾಮ ಅಥವಾ ಪ್ಯಾಂಟ್ ಹಾಕಿ ನಿಲ್ಲಿಸ್ರಿ. ಕುರ್ಚಿ ಮ್ಯಾಲ ಕುಂತು ಆಡೋರಿಗೂ ಇದು ಸರಿ ಹೋಗಂಗಿಲ್ಲ, ಕುರ್ಚಿ ಮತ್ತು ಮೈ ಒಂದಾಗಿಬಿಡ್ತಾವ.

ತಡದ ಮಾತು. ಕ್ಯಾಮೆರಾ ಸೆಕೆಂಡಿಗಿ 30 ಚಿತ್ರ ತಗೋತದ, ಅಂದ್ರ ಒಂದೊಂದಕ್ಕ 33 ಮಿಲಿಸೆಕೆಂಡ್. ಆಮ್ಯಾಲ ಕೀಲು ಹುಡುಕೋ ಲೆಕ್ಕ, ಆಮ್ಯಾಲ ಗೇಮ್, ಆಮ್ಯಾಲ ಟಿವಿ. ಎಲ್ಲಾ ಕೂಡಿದ್ರ ಸೆಕೆಂಡಿನ ಹತ್ತನೇ ಒಂದು ಭಾಗ ದಾಟ್ತದ. ಡ್ಯಾನ್ಸ್ ಗೇಮಿನಾಗ ಇದು ಗೊತ್ತಾಗಂಗಿಲ್ಲ, ಯಾಕಂದ್ರ ಮುಂದಿನ ಹೆಜ್ಜಿ ಯಾವುದು ಅಂತ ಗೇಮಿಗಿ ಮೊದ್ಲೇ ಗೊತ್ತಿರ್ತದ, ನೀವು ಸರಿಸುಮಾರು ಆ ಭಂಗಿಗಿ ಬಂದ್ರಾ ಅಂತ ಅಷ್ಟೇ ನೋಡ್ತದ. ಟೇಬಲ್ ಟೆನಿಸ್‌ದಾಗ ಚೆಂಡು ದಾಟಿ ಹೋದ್ಮ್ಯಾಲ ಬ್ಯಾಟು ಬರ್ತದ. ಕಿನೆಕ್ಟ್ ತಗೊಂಡ್ರ ಡ್ಯಾನ್ಸ್ ಡಿಸ್ಕ್ ತಗೋರಿ, ಬಾಕಿ ಎಲ್ಲಾ ನಾಲ್ಕು ದಿನದ ಮೋಜು.

ನೀವು ನೋಡಿದ್ದು ದಪ್ಪನ 360. ಅದರಾಗ ಕಿನೆಕ್ಟ್‌ನ ಪಿನ್ ಕೂಡಂಗಿಲ್ಲ. 12 ವೋಲ್ಟಿನ ಬೇರೆ ಅಡಾಪ್ಟರ್ ಬೇಕು, ಒಂದು ಕಡಿ ಯುಎಸ್‌ಬಿ, ಇನ್ನೊಂದು ಕಡಿ ಕರೆಂಟ್. ಅದು ಡಬ್ಬಿಯೊಳಗ ಅದನಾ ಕೇಳ್ರಿ. ಇಲ್ಲಾಂದ್ರ ಕಿನೆಕ್ಟ್ ಬರೇ ಕರೀ ಪಟ್ಟಿ. 360ರ ಆನ್‌ಲೈನ್ ಅಂಗಡಿ 2024ರ ಜುಲೈದಾಗ ಮುಚ್ಚ್ಯದ, ಡಿಸ್ಕ್ ಇದ್ದದ್ದೇ ನಿಮ್ಮ ಆಸ್ತಿ.

---

ಭೀಮಾದಂಡೆ (ಯಾದಗಿರಿ)

ಕಿನೆಕ್ಟ್ ಬಗ್ಗೆ ಮೇಲೆ ಹೇಳಿದ್ದರಲ್ಲಿ ನನ್ನ ತಕರಾರಿಲ್ಲ. ಈ ಖೋಲಿಗೆ ವೀ ಸರಿ. ಆದರೆ ಅಮೆರಿಕದ ಸೆಟ್ ಎಂದಿರಿ, ಅಲ್ಲಿ ಎರಡು ಗುಂಡಿಗಳಿವೆ.

ಮೊದಲನೆಯದು ಅಡಾಪ್ಟರ್. ಅಲ್ಲಿಯದು 120 ವೋಲ್ಟಿಗೆ ಮಾತ್ರ. ನಮ್ಮ 230 ವೋಲ್ಟಿನ ಪ್ಲಗ್ಗಿಗೆ ಪಿನ್ ಬದಲಿಸಿ ಚುಚ್ಚಿದರೆ ಸುಟ್ಟುಹೋಗುತ್ತದೆ. ಅಡಾಪ್ಟರ್ ತಿರುವಿ ಹಾಕಿ ಇನ್‌ಪುಟ್ ಎಂದಿರುವ ಸಾಲು ಓದಿ. ಯುರೋಪಿನ 230 ವೋಲ್ಟಿನ ಅಡಾಪ್ಟರ್ ಸಿಕ್ಕರೆ ಅದೇ ಒಳ್ಳೆಯದು, ಔಟ್‌ಪುಟ್ 12 ವೋಲ್ಟ್ 3.7 ಆಂಪಿಯರ್ ಇರಬೇಕು. ಸಿಗದಿದ್ದರೆ 100 ವ್ಯಾಟಿನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸಾಕು.

ಎರಡನೆಯದು ಡಿಸ್ಕ್. ವೀಗೆ ಪ್ರದೇಶದ ಬೀಗ ಇದೆ. ಅಮೆರಿಕದ ವೀ ಅಮೆರಿಕದ ಡಿಸ್ಕನ್ನೇ ಓದುತ್ತದೆ, ಯುರೋಪಿನ ಡಿಸ್ಕ್ ಹಾಕಿದರೆ ಒಪ್ಪುವುದಿಲ್ಲ. ಅದರ ಆನ್‌ಲೈನ್ ಅಂಗಡಿಯೂ 2019ರ ಜನವರಿಯಲ್ಲಿ ಮುಚ್ಚಿತು. ಹಾಗಾಗಿ ಸೆಟ್ಟಿನ ಜೊತೆಗೆ ಯಾವ ಡಿಸ್ಕ್ ಕೊಡುತ್ತಾರೆ ಎನ್ನುವುದರ ಮೇಲೆಯೇ ಬೆಲೆ ಕಟ್ಟಿ.

ಇನ್ನು ಇದು ಏನು ಮಾಡುತ್ತದೆ, ಏನು ಮಾಡುವುದಿಲ್ಲ. 2006ರ ರಿಮೋಟಿನೊಳಗೆ ಇರುವುದು ಆಕ್ಸೆಲೆರೋಮೀಟರ್ ಮತ್ತು ಮೂತಿಯಲ್ಲಿ ಒಂದು ಪುಟ್ಟ ಇನ್‌ಫ್ರಾರೆಡ್ ಕ್ಯಾಮೆರಾ. ಆಕ್ಸೆಲೆರೋಮೀಟರಿಗೆ ಕೈ ಎಲ್ಲಿದೆ ಎಂದು ತಿಳಿಯುವುದಿಲ್ಲ. ಎಷ್ಟು ಜೋರಾಗಿ ಎಳೆದರು, ಭೂಮಿ ಯಾವ ಕಡೆ ಎಳೆಯುತ್ತಿದೆ ಎನ್ನುವುದಷ್ಟೇ ತಿಳಿಯುತ್ತದೆ. ಕೈ ಸುಮ್ಮನಿದ್ದಾಗ ವಾಲಿಕೆ ಸರಿಯಾಗಿ ಹೇಳುತ್ತದೆ. ಬೀಸಿದಾಗ ಬೀಸಿನ ಎಳೆತ, ಭೂಮಿಯ ಎಳೆತ ಕಲಸಿಹೋಗಿ ಗೊಂದಲವಾಗುತ್ತದೆ. ಅದಕ್ಕೇ ಟೆನಿಸ್ ಆಟದಲ್ಲಿ ಗೇಮ್ ನೋಡುವುದು ಬೀಸಿದ ಹೊತ್ತನ್ನು, ಬೀಸಿದ ಚಂದವನ್ನಲ್ಲ. ಹುಡುಗರು ಇದನ್ನು ಎರಡನೇ ದಿನವೇ ಕಂಡುಹಿಡಿಯುತ್ತಾರೆ. ಮಂಚದ ಮೇಲೆ ಮಲಗಿ ಮಣಿಕಟ್ಟು ಕೊಡವಿದರೂ ಚೆಂಡು ಹೋಗುತ್ತದೆ. ಮೈ ಕುಣಿಯಲಿ ಎನ್ನುವುದು ನಿಮ್ಮ ಉದ್ದೇಶವಾದ್ದರಿಂದ ಈ ಮಾತು ಈಗಲೇ ಹೇಳಿದ್ದು.

ಮೋಷನ್ ಪ್ಲಸ್ 2009ರಲ್ಲಿ ಬಂತು, ಅದರಲ್ಲಿ ಜೈರೋ ಇದೆ. ಕೈ ಎಷ್ಟು ತಿರುಗಿತು ಎಂದು ಅದು ಅಳೆಯುತ್ತದೆ. ಅದನ್ನು ಕಡ್ಡಾಯವಾಗಿ ಕೇಳುವ ಗೇಮುಗಳಲ್ಲಿ ಮಣಿಕಟ್ಟಿನ ಕಳ್ಳಾಟ ಅಷ್ಟು ಸುಲಭವಲ್ಲ. ಎರಡನೇ ರಿಮೋಟಿಗೂ ಅದನ್ನು ಕೊಳ್ಳಿ, ಆದರೆ ಅಗ್ಗದ ನಕಲಿ ಬೇಡ. ನಕಲಿಯಲ್ಲಿ ಜೈರೋ ಒಂದೇ ದಿಕ್ಕಿಗೆ ಓಡುತ್ತಿರುತ್ತದೆ. ಕತ್ತಿ ಆಟ ಹಾಕಿ ಪರೀಕ್ಷಿಸುವುದು ಸುಲಭ: ರಿಮೋಟನ್ನು ಗುಂಡಿ ಕೆಳಗಾಗಿ ಟೇಬಲ್ ಮೇಲೆ ಐದು ಸೆಕೆಂಡ್ ಇಟ್ಟು ಎತ್ತಿ, ಟಿವಿ ನಡುವಿಗೆ ಗುರಿಯಿಟ್ಟು ಅಲ್ಲಾಡದೆ ಹಿಡಿಯಿರಿ. ಪರದೆಯ ಮೇಲಿನ ಕತ್ತಿ ಕೂಡಲೇ ಪಕ್ಕಕ್ಕೆ ತೇಲಿ ಹೋದರೆ ವಾಪಸ್ ಕೊಡಿ.

ಬ್ಯಾಟರಿಗೆ ಎರಡು ಎಎ ಸೆಲ್. ರೀಚಾರ್ಜಬಲ್ ನಡೆಯುತ್ತದೆ, 1.2 ವೋಲ್ಟ್ ಆದ್ದರಿಂದ ಸೂಚಕ ಒಂದು ಕಡ್ಡಿ ಕಡಿಮೆ ತೋರಿಸಬಹುದು, ತಲೆ ಕೆಡಿಸಿಕೊಳ್ಳಬೇಡಿ. ಟಿವಿಯಲ್ಲಿ ಗೇಮ್ ಮೋಡ್ (ತಡ ಕಡಿಮೆ ಮಾಡುವ ಸೆಟ್ಟಿಂಗ್) ಹಾಕಿ. ಹಳದಿ ಪಿನ್ನಿನ ಕೇಬಲ್‌ಗಿಂತ ಐದು ಪಿನ್ನಿನ ಕಾಂಪೊನೆಂಟ್ ಕೇಬಲ್ ಚೊಕ್ಕ.

ಕೈಪಟ್ಟಿ ಕಡ್ಡಾಯ. ಮೊದಲ ಪಟ್ಟಿಗಳು ಹರಿದು ರಿಮೋಟುಗಳು ಟಿವಿಗೆ ಬಡಿದದ್ದರಿಂದ 2006ರ ಡಿಸೆಂಬರಿನಲ್ಲೇ ನಿಂಟೆಂಡೊ ಸುಮಾರು 32 ಲಕ್ಷ ಪಟ್ಟಿಗಳನ್ನು ದಪ್ಪದ್ದಕ್ಕೆ ಬದಲಿಸಿ ಕೊಡಬೇಕಾಯಿತು. ಸೆಕೆಂಡ್ ಹ್ಯಾಂಡಿನಲ್ಲಿ ತೆಳ್ಳನೆಯ ಪಟ್ಟಿ ಬಂದಿದ್ದರೆ ತೆಗೆದು ಬಿಸಾಡಿ. ಫ್ಯಾನಿನ ಕೆಳಗೆ ಯಾರನ್ನೂ ನಿಲ್ಲಿಸಬೇಡಿ, ರಿಮೋಟ್ ಹಿಡಿದು ಕೈ ಎತ್ತಿ ಹಾರಿದ ಹದಿನೈದರ ಹುಡುಗನ ಕೈ ಎಂಟು ಅಡಿಗೆ ಸುಲಭವಾಗಿ ಮುಟ್ಟುತ್ತದೆ.

---

ತೊಗರಿಕಣಜ (ಕಲಬುರಗಿ)

ಭಾಳ ಉಪಕಾರ ಆಯ್ತ್ರಿ. ವೀ ತಗೊಂಡೆವು, 230 ವೋಲ್ಟಿನ ಅಡಾಪ್ಟರ್ ಹಾಕಿ ನಡೀಲಿಕ್ಕತ್ಯದ. ಬೌಲಿಂಗ್ ಆಟಕ್ಕ ಅಜ್ಜಿನೂ ಕುರ್ಚಿ ಮ್ಯಾಲ ಕುಂತು ಆಡ್ತಾರ.

ಒಂದೇ ತೊಂದ್ರಿ. ಹಗಲೊತ್ತು ಪರದೆ ಮ್ಯಾಲಿನ ಕೈ ಗುರುತು ಸರಿ ಇರ್ತದ. ಸಂಜಿ ಏಳರ ಸುಮಾರು ಆಯ್ತಂದ್ರ ಅದು ಒಂದು ಕಡಿ ಜಿಗಿದು ಮಾಯ ಆಗ್ತದ, ಮತ್ತ ಬರ್ತದ. ಸೆಲ್ ಬದಲಿಸಿ ನೋಡೇವಿ. ಟಿವಿ ಕೆಳಗಿನ ಸೆನ್ಸರ್ ಬಾರ್ ಕೆಟ್ಟದನಾ?

---

ಭೀಮಾದಂಡೆ (ಯಾದಗಿರಿ)

ದೇವರ ಗೂಡು ಟಿವಿಯ ಪಕ್ಕದಲ್ಲೇ ಇದೆಯಲ್ಲವೇ? ಏಳಕ್ಕೆ ದೀಪ ಹಚ್ಚುತ್ತೀರಲ್ಲ, ಅದೇ.

ಸೆನ್ಸರ್ ಬಾರ್ ಎಂಬ ಹೆಸರೇ ತಪ್ಪು, ಅದರಲ್ಲಿ ಸೆನ್ಸರ್ ಇಲ್ಲ. ಎರಡು ತುದಿಯಲ್ಲಿ ಇನ್‌ಫ್ರಾರೆಡ್ ಎಲ್‌ಇಡಿ ಗೊಂಚಲು, ಅಷ್ಟೆ. ನೋಡುವ ಕಣ್ಣು ರಿಮೋಟಿನಲ್ಲಿದೆ. ಅದು ಎದುರಿಗಿರುವ ನಾಲ್ಕು ಹೊಳೆವ ಚುಕ್ಕಿಗಳವರೆಗೆ ಗುರುತಿಸುತ್ತದೆ, ಅವುಗಳಲ್ಲಿ ಎರಡನ್ನು ಬಾರಿನ ತುದಿಗಳೆಂದು ನಂಬುತ್ತದೆ. ಎಣ್ಣೆ ದೀಪದ ಕುಡಿ ಇನ್‌ಫ್ರಾರೆಡ್ಡಿನಲ್ಲಿ ಚೆನ್ನಾಗಿ ಹೊಳೆಯುತ್ತದೆ. ಬಾರ್ ಕೆಟ್ಟಾಗ ಎರಡು ಮೇಣದಬತ್ತಿ ಹಚ್ಚಿಟ್ಟು ವೀ ಆಡುವವರಿದ್ದಾರೆ, ಆ ಲೆಕ್ಕದಲ್ಲಿ ನಿಮ್ಮ ಮನೆಯ ದೀಪ ಮೂರನೇ ತುದಿ.

ಖಾತ್ರಿ ಮಾಡಿಕೊಳ್ಳುವುದು ಹೀಗೆ. ವೀ ಸೆಟ್ಟಿಂಗ್ಸ್, ಸೆನ್ಸರ್ ಬಾರ್, ಸೆನ್ಸಿಟಿವಿಟಿ. ಅಲ್ಲಿ ರಿಮೋಟನ್ನು ಟಿವಿ ಕಡೆ ಹಿಡಿದರೆ ಅದಕ್ಕೆ ಏನು ಕಾಣುತ್ತಿದೆಯೋ ಅದೇ ಚುಕ್ಕಿಗಳು ಪರದೆಯಲ್ಲಿ ಮೂಡುತ್ತವೆ. ಎರಡೇ ಇರಬೇಕು. ದೀಪ ಉರಿಯುವಾಗ ಗೂಡಿನ ಕಡೆ ಮೂರನೆಯದು ಮಿಣುಕುತ್ತದೆ ನೋಡಿ. ಮಟ್ಟವನ್ನು ಒಂದೊಂದೇ ಇಳಿಸುತ್ತಾ ಬನ್ನಿ. ಚುಕ್ಕಿಗಳು ಎರಡಕ್ಕೆ ಬಂದು ನಿಂತರೆ ಅಲ್ಲೇ ಬಿಡಿ. ನಿಲ್ಲದಿದ್ದರೆ ಗೂಡಿನ ಟಿವಿ ಕಡೆಯ ಅಂಚಿಗೆ ಒಂದು ಗೇಣು ರಟ್ಟು ಅಡ್ಡ ಇಡಿ, ಆಡುವ ಜಾಗದಿಂದ ಕುಡಿ ಕಾಣದಿದ್ದರೆ ಸಾಕು. ರಟ್ಟು ಕುಡಿಯಿಂದ ದೂರವಿರಲಿ ಮತ್ತೆ.

ದೀಪವಿಲ್ಲದಾಗಲೂ ನಾಲ್ಕು ಚುಕ್ಕಿ ಕಂಡರೆ, ಕೆಳಗಿನ ಎರಡು ನಿಮ್ಮ ಫರ್ಸಿಯಲ್ಲಿ ಬಿದ್ದ ಪ್ರತಿಬಿಂಬ. ಬಾರನ್ನು ಟಿವಿಯ ಕೆಳಗಿನಿಂದ ತೆಗೆದು ಮೇಲಂಚಿಗೆ ಅಂಟಿಸಿ, ಸೆಟ್ಟಿಂಗಿನಲ್ಲೂ ಮೇಲೆ ಇದೆ ಎಂದು ಬದಲಿಸಿ. ಬಾರ್ ಉರಿಯುತ್ತಿದೆಯೋ ಇಲ್ಲವೋ ನೋಡಲು ಫೋನಿನ ಸೆಲ್ಫಿ ಕ್ಯಾಮೆರಾ ಹಿಡಿದು ನೋಡಿ, ಎರಡೂ ತುದಿಯಲ್ಲಿ ನೇರಳೆ ಹೊಳಪು ಕಾಣಬೇಕು.

---

ಗುರಿ_ಜರುಗಿತು (ಕಲಬುರಗಿ)

ಫೋನಿನ ಜೈರೋ ಪ್ರಶ್ನೆ ಹಂಗೇ ಉಳದದ, ಅದನ್ನ ನಾ ತಗೋತೀನಿ.

ಜೈರೋ ಅಳಿಯೋದು ತಿರುಗೋ ವೇಗ, ದಿಕ್ಕಲ್ಲ. ವೇಗ ಕೂಡಿಸ್ತಾ ಹೋಗಿ ದಿಕ್ಕು ಮಾಡ್ಬೇಕು. ಸುಮ್ಮನ ಇಟ್ಟಾಗೂ ಅದು ಪೂರ್ತಿ ಸೊನ್ನಿ ತೋರಿಸಂಗಿಲ್ಲ. ಸೆಕೆಂಡಿಗಿ 0.1 ಡಿಗ್ರಿ ತಪ್ಪಿದ್ರ ನಿಮಿಷಕ್ಕ 6 ಡಿಗ್ರಿ ಜರುಗ್ತದ. ಈ ಸೊನ್ನಿ ಫೋನಿನ ಕಾವಿನ ಜೊತಿಗಿ ಬದಲಾಗ್ತದ. ಹತ್ತು ನಿಮಿಷ ಆದ್ಮ್ಯಾಲ ಜರುಗ್ತದ ಅಂತ ನಿಮ್ಮ ಹುಡುಗ ಹೇಳೋದಕ್ಕ ಕಾರಣ ಇದೇ. ತಣ್ಣಗಿದ್ದಾಗ ಹಾಕಿದ ಸೊನ್ನಿ, ಫೋನ್ ಕಾದ್ಮ್ಯಾಲ ಸೊನ್ನಿ ಆಗಿ ಉಳಿಯಂಗಿಲ್ಲ. ಮೇ ತಿಂಗಳ ಕಲಬುರಗಿಯೊಳಗ ಚಾರ್ಜಿಗಿ ಹಚ್ಚಿ ಆಡಿದ್ರ ಕೇಳೋದೇ ಬ್ಯಾಡ.

ಮಾಡಬೇಕಾದ್ದು: ಚಾರ್ಜರ್ ತೆಗೀರಿ, ದಪ್ಪನ ಕವರ್ ತೆಗೀರಿ. ಐದು ನಿಮಿಷ ಟ್ರೇನಿಂಗ್ ಮೈದಾನದಾಗ ಆಡಿ ಫೋನ್ ಬೆಚ್ಚಗ ಆಗಲಿ. ಆಮ್ಯಾಲ ಸಪಾಟ ಫರ್ಸಿ ಮ್ಯಾಲ ಇಟ್ಟು, ಕೈ ತೆಗೆದು, ಸೆಟ್ಟಿಂಗಿನಾಗಿನ ಜೈರೋ ಕ್ಯಾಲಿಬ್ರೇಷನ್ ಒತ್ರಿ. ಫ್ರಿಜ್ ಮ್ಯಾಲ, ಕೂಲರ್ ಹತ್ತಿದ ಟೇಬಲ್ ಮ್ಯಾಲ ಇಡಬ್ಯಾಡ್ರಿ, ಅದರ ನಡುಕನೂ ಸೊನ್ನಿಯೊಳಗ ಸೇರ್ತದ. ಗಾಳ್ಯಾಗ ಎಂಟರ ಆಕಾರ ತಿರುವು ಅಂತ ಹೇಳ್ತಾರಲ್ಲ, ಅದು ದಿಕ್ಸೂಚಿಗಿ, ಜೈರೋಕ್ಕಲ್ಲ.

ಬಿಜಿಎಂಐದಾಗ ಜೈರೋನ್ನ ‘ಸ್ಕೋಪ್ ಆನ್’ ಇಟ್ಕೊಂಡ್ರ ಸ್ಕೋಪ್ (ಬಂದೂಕಿನ ದುರ್ಬೀನು) ಒಳಗ ನೋಡುವಾಗ ಮಾತ್ರ ನಡೀತದ, ಜರುಗಿದ್ದು ಅಷ್ಟು ಕಾಡಂಗಿಲ್ಲ. ‘ಆಲ್ವೇಸ್ ಆನ್’ ಕಲಿತವರಿಗಿ ಬಿಡಂಗಿಲ್ಲ ಅದು, ಆದ್ರ ಬಸ್ಸಿನಾಗ ಆಡೋರು ಹಾಕಬಾರದು. ಬಸ್ ತಿರುಗಿದ್ರ ಗುರಿನೂ ತಿರುಗ್ತದ. ಫೋನಿನಾಗ ನಿಜವಾದ ಜೈರೋ ಅದನಾ ಅಂತಲೂ ನೋಡ್ರಿ. ಅಗ್ಗದ ಫೋನಿನಾಗ ಆಕ್ಸೆಲೆರೋಮೀಟರ್, ದಿಕ್ಸೂಚಿ ಕೂಡಿಸಿ ಲೆಕ್ಕದಾಗ ಮಾಡಿದ ಜೈರೋ ಇರ್ತದ, ಅದಕ್ಕ ಎಷ್ಟು ಕ್ಯಾಲಿಬ್ರೇಷನ್ ಮಾಡಿದ್ರೂ ನಡುಕ ಹೋಗಂಗಿಲ್ಲ. ಸೆನ್ಸರ್ ತೋರಿಸೋ ಯಾವುದರ ಆಪ್ ಹಾಕಿ ಫೋನ್ ಮೆಲ್ಲಗ ತಿರುಗಿಸ್ರಿ. ಗೆರಿ ನುಣ್ಣಗ ಏರಿಳಿದ್ರ ನಿಜ, ಮೆಟ್ಟಿಲು ಮೆಟ್ಟಿಲು ಜಿಗಿದ್ರ ಲೆಕ್ಕದ್ದು.

ಬಿದರಿ_ಗುಂಡಿಯವರು ‘ಬಾಕಿ ಎಲ್ಲಾ ನಾಲ್ಕು ದಿನದ ಮೋಜು’ ಅಂದ್ರಲ್ಲ, ಕಿನೆಕ್ಟ್ ಮಟ್ಟಿಗಿ ಒಪ್ಪಿದೆ. ಅದನ್ನ ತಯಾರಿಸೋದೇ 2017ಕ್ಕ ನಿಂತು ಹೋಯ್ತು. ಆದ್ರ ಕೈ ತಿರುವಿ ಆಡೋದು ಸತ್ತಿಲ್ಲ, ಸಣ್ಣದಾಗಿ ಉಳದದ. ಪ್ಲೇಸ್ಟೇಷನ್ 4ರ ಕಂಟ್ರೋಲರ್ ಡ್ಯುಯಲ್‌ಶಾಕ್ 4ರಾಗ ಜೈರೋ ಅದ, ನಿಂಟೆಂಡೊ ಸ್ವಿಚ್‌ದಾಗ ಅದ. ಸ್ಟಿಕ್‌ನಿಂದ ದೊಡ್ಡ ತಿರುವು, ಜೈರೋದಿಂದ ಕೊನೀ ಎರಡು ಡಿಗ್ರಿ. ಪಿಸಿಗಿ ಸ್ಟೀಮ್ (ಗೇಮ್ ಅಂಗಡಿ ಆಪ್) ಇದ್ರ ಡ್ಯುಯಲ್‌ಶಾಕ್ 4ರ ಜೈರೋನ್ನ ಮೌಸ್ ಹಂಗ ಹಚ್ಚಬಹುದು. ಒಂದು ಬಟನ್ ಅಥವಾ ಟಚ್‌ಪ್ಯಾಡ್ ಮುಟ್ಟಿದಾಗ ಮಾತ್ರ ನಡೀಬೇಕು ಅಂತ ಇಡ್ರಿ. ಬಿಟ್ಟಾಗ ಕೈ ಸರಿ ಮಾಡ್ಕೋಬಹುದು, ಮೌಸ್ ಎತ್ತಿ ಇಟ್ಟಂಗ. ಆಗ ಜರುಗಿದ್ರೂ ಗೊತ್ತಾಗಂಗಿಲ್ಲ.

---

ಬಿದರಿ_ಗುಂಡಿ (ಬೀದರ್)

ಸಣ್ಣದಾಗಿ ಉಳದದ ಅನ್ನೋದು ಖರೆ. ದೊಡ್ಡ ಬೀಸಿಗಿ ಯಾಕ ಆಗ್ಲಿಲ್ಲ ಅಂದ್ರ ಎರಡು ಕಾರಣ. ಒಂದು ಲೆಕ್ಕದ್ದು. ಆಕ್ಸೆಲೆರೋಮೀಟರಿಂದ ಕೈ ಎಲ್ಲಿ ಅದ ಅಂತ ತೆಗೀಬೇಕಂದ್ರ ಎರಡು ಸಲ ಕೂಡಿಸ್ಬೇಕು. ಭೂಮಿ ಎಳೆತದ ನೂರನೇ ಒಂದು ಭಾಗ ತಪ್ಪಿದ್ರೂ ಹತ್ತು ಸೆಕೆಂಡಿಗಿ ಸುಮಾರು 5 ಮೀಟರ್ ಆಚಿಗಿ ತೋರಿಸ್ತದ, ಅಂದ್ರ ಕೈ ನಿಮ್ಮ ಖೋಲಿನೇ ದಾಟಿ ಅಡಿಗಿ ಮನ್ಯಾಗ. ಅದಕ್ಕೇ 2010ರ ಪ್ಲೇಸ್ಟೇಷನ್ ಮೂವ್ ಅನ್ನೋ ಕೈಕೋಲಿಗಿ ಮ್ಯಾಲ ಹೊಳೆಯೋ ಚೆಂಡು ಇಟ್ರು. ಕ್ಯಾಮೆರಾಕ್ಕ ಚೆಂಡು ಎಷ್ಟು ದೊಡ್ಡದು ಕಾಣ್ತದೋ ಅದರಿಂದ ದೂರ. ಕತ್ತಿ ಆಟಕ್ಕ ಆ ಕಾಲದಾಗ ಎಲ್ಲಕ್ಕಿಂತ ಸರಿ ಅದೇ ಇತ್ತು ಅನ್ನೋದು ನನ್ನ ಲೆಕ್ಕ.

ಇನ್ನೊಂದಕ್ಕ ಸೆನ್ಸರ್ ಔಷಧ ಅಲ್ಲ. ಎದುರಿನವ ಢಾಲು ಅಡ್ಡ ಹಿಡಿದ, ಪರದೆ ಮ್ಯಾಲಿನ ಕತ್ತಿ ಅಲ್ಲೇ ನಿಂತ್ತು. ನಿಮ್ಮ ಕೈ ನಿಲ್ಲಂಗಿಲ್ಲ, ಮುಂದ ಹೋಗಿ ಆಗ್ಯದ. ಈಗ ಕೈ ಒಂದು ಕಡಿ, ಕತ್ತಿ ಒಂದು ಕಡಿ.

---

ತೊಗರಿಕಣಜ (ಕಲಬುರಗಿ)

ದೀಪನೇ ಅದು! ಸೆನ್ಸಿಟಿವಿಟಿಯೊಳಗ ಮೂರು ಚುಕ್ಕಿ ಕಂಡ್ವು, ದೀಪಕ್ಕ ಕೈ ಅಡ್ಡ ಹಿಡಿದ್ರ ಎರಡು. ಮಟ್ಟ ಎರಡಕ್ಕ ಇಳಿಸಿದ್ರ ಮಂಚದ ಹತ್ರಿಂದ ಬಾರ್ ಚುಕ್ಕಿನೇ ಹೋಗ್ತಾವ, ಮೂರಕ್ಕ ಇಟ್ಟು ರಟ್ಟು ಹಚ್ಚೇವಿ. ಫೋನು ಫರ್ಸಿ ಮ್ಯಾಲ ಇಟ್ಟು ಕ್ಯಾಲಿಬ್ರೇಷನ್ ಮಾಡ್ಯಾನ, ಅರ್ಧ ತಾಸು ಜರುಗಿಲ್ಲ ಅಂತ. ಮೋಷನ್ ಪ್ಲಸ್ ಎರಡನೇದು ಇನ್ನೂ ಹುಡುಕಾಡ್ಲಿಕ್ಕತ್ತೇವಿ, ಯಾರ ಹತ್ರರ ಅಸಲಿ ಇದ್ರ ಹೇಳ್ರಿ.